ಗೊತ್ತಿದ್ದ ದಾರಿಯಲ್ಲಿ ಕಾದಿದ್ದ ಅಚ್ಚರಿ

1918ನೇ ಇಸವಿಯ ಅಕ್ಟೋಬರ್ 23. ನ್ಯೂಯಾರ್ಕ್ ನಗರದಲ್ಲಿ ಒಂದು ಚದುರಂಗ ಪಂದ್ಯಾವಳಿ. ಬಿಳಿ ಕಾಯಿಗಳನ್ನು ನಡೆಸುತ್ತಿದ್ದವನು ಕ್ಯೂಬಾ ದೇಶದ ಹೋಸೆ ರೌಲ್ ಕಾಪಾಬ್ಲಾಂಕಾ. ಇನ್ನೂ ಮೂವತ್ತು ತುಂಬದ ಈತ ಮೂರು ವರ್ಷಗಳ ನಂತರ ವಿಶ್ವ ಚಾಂಪಿಯನ್ ಆಗಲಿದ್ದವನು. ಕಪ್ಪು ಕಾಯಿಗಳ ಹಿಂದೆ ಕುಳಿತಿದ್ದವನು ಅಮೆರಿಕದ ಫ್ರಾಂಕ್ ಮಾರ್ಷಲ್. 1909ರಲ್ಲಿ ಇವರಿಬ್ಬರ ನಡುವೆ ನಡೆದ ಸರಣಿಯಲ್ಲಿ ಕಾಪಾಬ್ಲಾಂಕಾ ಎಂಟು ಆಟಗಳನ್ನು ಗೆದ್ದು ಒಂದನ್ನು ಮಾತ್ರ ಸೋತಿದ್ದ. ಮಾರ್ಷಲ್‌ಗೆ ಆ ಸೋಲಿನ ಬಾಕಿ ತೀರಿಸುವುದಿತ್ತು.

ಮೊದಲ ಏಳು ನಡೆಗಳಲ್ಲಿ ವಿಶೇಷವೇನೂ ಇರಲಿಲ್ಲ. ಇಬ್ಬರೂ ಆಡುತ್ತಿದ್ದುದು 'ಸ್ಪ್ಯಾನಿಷ್ ಆರಂಭ' ಎಂದು ಹೆಸರಾದ, ಶತಮಾನಗಳಿಂದ ಸವೆದುಹೋಗಿದ್ದ ದಾರಿ. ಎಂಟನೆಯ ನಡೆಯಲ್ಲಿ ಮಾರ್ಷಲ್ ಮಂತ್ರಿಯ ಮುಂದಿದ್ದ ಕಾಲಾಳನ್ನು ಥಟ್ಟನೆ ಎರಡು ಮನೆ ಮುಂದಕ್ಕೆ ನೂಕಿದ. ಹಾಸಿನ ನಡುವೆ ಇದ್ದ ತನ್ನ ಇನ್ನೊಂದು ಕಾಲಾಳನ್ನು 'ಬೇಕಾದರೆ ತೆಗೆದುಕೋ' ಎಂದು ಬಿಟ್ಟುಕೊಟ್ಟಂತಾಯಿತು. ಅದನ್ನು ಕೊಂದರೆ ಕಪ್ಪಿನ ಕುದುರೆ, ಒಂಟೆ, ಮಂತ್ರಿ ಎಲ್ಲವೂ ಬಿಳಿಯ ರಾಜನ ಮೇಲೆ ಮುಗಿಬೀಳುತ್ತವೆ.

ಕಾಪಾಬ್ಲಾಂಕಾಗೆ ವಿಷಯ ಅರ್ಥವಾಯಿತು. ಎದುರಾಳಿ ಈ ನಡೆಯನ್ನು ಮನೆಯಲ್ಲಿ ಕೂತು ಅಭ್ಯಾಸ ಮಾಡಿ ಬಂದಿದ್ದಾನೆ, ಮುಂದೆ ಬರಲಿರುವುದೆಲ್ಲ ಅವನಿಗೆ ಗೊತ್ತು, ತನಗೆ ಗೊತ್ತಿಲ್ಲ. ಹಿಂದೆ ಸರಿಯುವ ದಾರಿಯೂ ಇತ್ತು. ಆದರೆ ತನ್ನ ಸಾಮರ್ಥ್ಯಕ್ಕೆ ಸವಾಲು ಬಿದ್ದಿದೆ ಎಂಬ ಹಟದಿಂದ ಕಾಲಾಳನ್ನು ಕೊಂದುದಾಗಿ ಆತ ಮುಂದೆ ಬರೆದುಕೊಂಡ. ದಾಳಿ ಭಯಂಕರವಾಗಿಯೇ ಬಂತು. ಒಂದೊಂದು ಬೆದರಿಕೆಗೂ ಅಲ್ಲೇ ಕೂತು ಉತ್ತರ ಹುಡುಕುತ್ತ ಹೋದ ಕಾಪಾಬ್ಲಾಂಕಾ 36ನೆಯ ನಡೆಯಲ್ಲಿ ಆಟ ಗೆದ್ದ.

ಈ ಆಸ್ತ್ರವನ್ನು ಮಾರ್ಷಲ್ ವರ್ಷಗಟ್ಟಲೆ ಬಚ್ಚಿಟ್ಟು, ಕಾಪಾಬ್ಲಾಂಕಾಗಾಗಿಯೇ ಕಾದಿದ್ದನೆಂಬ ಕಥೆ ಚದುರಂಗ ಲೋಕದಲ್ಲಿ ಬಹಳ ಪ್ರಸಿದ್ಧ. ಕಥೆ ಅಷ್ಟು ಸರಳವಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಇದನ್ನು ಹೋಲುವ ಆಟಗಳು ಅದಕ್ಕೆ ಮೊದಲೇ ನಡೆದಿದ್ದವು. ಅದೇನೇ ಇರಲಿ, ಅಂದು ಸೋತ ಆ ದಾಳಿ ಇಂದಿಗೂ ಬದುಕಿದೆ, ಅದೂ ಸೋತವನ ಹೆಸರಿನಲ್ಲಿ. 'ಮಾರ್ಷಲ್ ದಾಳಿ' ಎಂದರೆ ಇಂದಿನ ಗ್ರ್ಯಾಂಡ್‌ಮಾಸ್ಟರ್‌ಗಳೂ ಎಚ್ಚರವಾಗುತ್ತಾರೆ.

ಎದುರಾಳಿಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲೇ ಅವನನ್ನು ಬೆಚ್ಚಿಬೀಳಿಸುವುದು ಹೇಗೆ? ಹಾಗೆ ಬೆಚ್ಚಿಬೀಳಿಸಿದರೆ ಗೆಲುವು ಸಿಗುತ್ತದೆಯೇ? ಚದುರಂಗದ ಆರಂಭ ನಡೆಗಳ ಐದು ಶತಮಾನಗಳ ಇತಿಹಾಸ ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಸುತ್ತ ಬೆಳೆದಿದೆ. ಅದರಲ್ಲಿ ನಮ್ಮ ದೇಶದ ಪಾಲು ದೊಡ್ಡದು. ಆದರೆ ಆ ಪಾಲಿಗೆ ಸಿಕ್ಕ ಮನ್ನಣೆ ಕಡಿಮೆ.

ವ್ಯೂಹದಿಂದ ಪುಸ್ತಕಕ್ಕೆ

ಚದುರಂಗ ಹುಟ್ಟಿದ್ದು ಭಾರತದಲ್ಲಿ, ಬೆಳೆದದ್ದು ಪರ್ಷಿಯಾ ಮತ್ತು ಅರಬ್ ನಾಡುಗಳಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ವಿನೋದಗಳ ಪೈಕಿ ಚದುರಂಗವೂ ಒಂದು. ಆ ಕಾಲದ ಆಟದಲ್ಲಿ ಇಂದಿನ ಬಿರುಸು ಇರಲಿಲ್ಲ. ಮಂತ್ರಿ ಓರೆಯಾಗಿ ಒಂದೇ ಮನೆ ಚಲಿಸುತ್ತಿದ್ದ, ಕಾಲಾಳೂ ಒಂದೇ ಮನೆ ಮುಂದೆ ಹೋಗುತ್ತಿತ್ತು. ಎರಡೂ ಪಾಳೆಯಗಳು ಮುಖಾಮುಖಿಯಾಗಲು ಹತ್ತಾರು ನಡೆಗಳು ಬೇಕಿದ್ದವು. ಹೀಗಾಗಿ ಆಟಗಾರ ತನ್ನ ಸೈನ್ಯವನ್ನು ನಿಧಾನವಾಗಿ, ತನಗೆ ಬೇಕಾದ ಆಕಾರದಲ್ಲಿ ನಿಲ್ಲಿಸಿಕೊಳ್ಳಬಹುದಾಗಿತ್ತು. ಅರಬರು ಇಂಥ ನಿಲುವನ್ನು 'ತಬಿಯಾ' ಎಂದು ಕರೆದು, ಒಂದೊಂದಕ್ಕೂ ಹೆಸರಿಟ್ಟು ಪುಸ್ತಕಗಳಲ್ಲಿ ಬರೆದಿಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ವ್ಯೂಹ.

ಹದಿನೈದನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನಲ್ಲಿ ನಿಯಮ ಬದಲಾಯಿತು. ಮಂತ್ರಿ ರಾಣಿಯಾಗಿ ಹಾಸಿನ ಈ ತುದಿಯಿಂದ ಆ ತುದಿಗೆ ಒಂದೇ ನಡೆಯಲ್ಲಿ ಧಾವಿಸುವ ಶಕ್ತಿ ಪಡೆಯಿತು. ಒಂಟೆಗೂ ಉದ್ದನೆಯ ಓಟ ಸಿಕ್ಕಿತು. ಅದರ ಪರಿಣಾಮ ದೊಡ್ಡದು. ಇನ್ನು ಮೇಲೆ ನಾಲ್ಕನೆಯ ನಡೆಯಲ್ಲೇ ರಾಜ ಸಾಯಬಹುದು. ಮೊದಲ ನಡೆಗಳನ್ನು ಲಕ್ಷ್ಯವಿಟ್ಟು ಆಡದವನಿಗೆ ಉಳಿಗಾಲವಿಲ್ಲ. ಅಂದಿನಿಂದಲೇ ಆರಂಭ ನಡೆಗಳ ಅಧ್ಯಯನ ಶುರುವಾಯಿತು. 1497ರಲ್ಲಿ ಸ್ಪೇನಿನ ಲುಸೇನಾ ಬರೆದ ಪುಸ್ತಕ, 1561ರಲ್ಲಿ ಅದೇ ದೇಶದ ಪಾದ್ರಿ ರೂಯ್ ಲೋಪೆಜ್ ಬರೆದ ಪುಸ್ತಕ ಈ ಪರಂಪರೆಯ ಮೊದಲ ಮೆಟ್ಟಿಲುಗಳು. ಮಾರ್ಷಲ್ ಮತ್ತು ಕಾಪಾಬ್ಲಾಂಕಾ ಆಡಿದ ಸ್ಪ್ಯಾನಿಷ್ ಆರಂಭಕ್ಕೆ ಈ ಪಾದ್ರಿಯ ಹೆಸರೂ ಇದೆ.

ಪುಸ್ತಕ ಬಂದೊಡನೆ ಪುಸ್ತಕದ ಅಪಾಯವೂ ಬಂತು. ಚಕ್ರವ್ಯೂಹದ ಕಥೆ ನಮಗೆಲ್ಲ ಗೊತ್ತು. ಅಭಿಮನ್ಯುವಿಗೆ ಒಳಹೊಗುವ ಬಗೆ ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲ. ಹತ್ತು ಹನ್ನೆರಡು ನಡೆಗಳನ್ನು ಬಾಯಿಪಾಠ ಮಾಡಿಕೊಂಡು ಬರುವ ಆಟಗಾರನ ಪಾಡೂ ಅದೇ. ಎದುರಾಳಿ ಒಂಬತ್ತನೆಯ ನಡೆಯಲ್ಲಿ ಪುಸ್ತಕದಲ್ಲಿಲ್ಲದ್ದನ್ನು ಆಡಿಬಿಟ್ಟರೆ, ಮೊದಲ ಎಂಟು ನಡೆಗಳನ್ನು ಏಕೆ ಆಡಿದೆನೆಂಬುದೇ ಅವನಿಗೆ ಗೊತ್ತಿರುವುದಿಲ್ಲ.

ಕಲ್ಕತ್ತೆಯ ಇಬ್ಬರು

ಈಗ 1848ರ ಕಲ್ಕತ್ತೆಗೆ ಬರೋಣ. ಸ್ಕಾಟ್ಲೆಂಡಿನ ಜಾನ್ ಕಾಕ್ರನ್ ಅಲ್ಲಿ ಬ್ಯಾರಿಸ್ಟರ್. ಲಂಡನ್ನಿನಲ್ಲಿದ್ದಾಗಲೇ ಒಳ್ಳೆಯ ಚದುರಂಗ ಆಟಗಾರನೆಂದು ಹೆಸರು ಮಾಡಿದ್ದವನು. ಹಳ್ಳಿಗಾಡಿನಲ್ಲಿ ಒಬ್ಬ ಬ್ರಾಹ್ಮಣನಿದ್ದಾನೆ, ಅವನನ್ನು ಸೋಲಿಸಿದವರೇ ಇಲ್ಲವಂತೆ ಎಂಬ ಸುದ್ದಿ ಕಲ್ಕತ್ತೆಯ ಚದುರಂಗಪ್ರಿಯರ ಕಿವಿಗೆ ಬಿತ್ತು. ಆತನೇ ಮಹೇಶಚಂದ್ರ ಬ್ಯಾನರ್ಜಿ. ಕಾಕ್ರನ್ ಅವನನ್ನು ಸೋಲಿಸಿದ. ಆದರೆ ಸಾಮಾನ್ಯನಲ್ಲ ಎಂಬುದನ್ನೂ ಗುರುತಿಸಿದ. ಮುಂದಿನ ಹನ್ನೆರಡು ವರ್ಷಗಳಲ್ಲಿ ಇಬ್ಬರೂ ನೂರಾರು ಆಟಗಳನ್ನು ಆಡಿದರು. ಅವುಗಳಲ್ಲಿ ಹಲವು ಲಂಡನ್ನಿನ ಚದುರಂಗ ಪತ್ರಿಕೆಗಳಲ್ಲಿ ಅಚ್ಚಾದುದರಿಂದ ನಮ್ಮವರೆಗೆ ಉಳಿದು ಬಂದಿವೆ.

ಬ್ಯಾನರ್ಜಿ ಕಲಿತದ್ದು ದೇಶೀ ಆಟ. ನಮ್ಮ ಊರುಗಳ ಜಗುಲಿಯ ಮೇಲೆ ಹಿರಿಯರು ಆಡುತ್ತಿದ್ದ ಚದುರಂಗವನ್ನು ಕಂಡವರಿಗೆ ಅದರ ಪದ್ಧತಿ ನೆನಪಿರಬಹುದು. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ. ಕೋಟೆ ಕಟ್ಟುವ ಬದಲು ರಾಜನಿಗೆ ಒಂದು ಬಾರಿ ಕುದುರೆಯ ನೆಗೆತ. ಹೀಗೆ ಆಡಿ ಬೆಳೆದವನಿಗೆ ನಡುವಣ ಮನೆಗಳಿಗೆ ಧಾವಿಸುವ ಆತುರ ಇರುವುದಿಲ್ಲ. ಅಂಚಿನ ಕಾಲಾಳನ್ನು ಒಂದು ಮನೆ ಸರಿಸಿ, ಅದರ ಹಿಂದೆ ಒಂಟೆಯನ್ನು ಕೂರಿಸಿ, ದೂರದಿಂದಲೇ ಓರೆಗಣ್ಣಿನಲ್ಲಿ ಹಾಸಿನ ಉದ್ದಕ್ಕೂ ನೋಡುವುದು ಅವನ ರೂಢಿ. ಬ್ಯಾನರ್ಜಿ ಯೂರೋಪಿನ ನಿಯಮಗಳಂತೆ ಆಡುವಾಗಲೂ ಈ ರೂಢಿಯನ್ನು ಬಿಡಲಿಲ್ಲ.

ಇದು ಹಿಂದುಳಿದ ನಾಡಿನ ಒರಟು ಆಟವೆಂದು ಭಾವಿಸಬೇಕಿಲ್ಲ. ಇದೇ ಕಾಲದಲ್ಲಿ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಬಾರಿ ಹಾಯಿಸುವ ಜಾಣ್ಮೆಯ ಬಂಧಗಳನ್ನು ರಚಿಸುತ್ತಿದ್ದರು. ಚದುರಂಗದ ಬಗ್ಗೆ ಗಂಭೀರವಾಗಿ ಯೋಚಿಸುವ ಪರಂಪರೆ ಇಲ್ಲಿ ಇದ್ದೇ ಇತ್ತು. ಅಚ್ಚಿನ ಪುಸ್ತಕ, ಪತ್ರಿಕೆಗಳು ಮಾತ್ರ ಯೂರೋಪಿನ ಕೈಯಲ್ಲಿದ್ದವು.

ಕಲ್ಕತ್ತೆಯ ಆಟಗಳಲ್ಲಿ ಎರಡು ಅಚ್ಚರಿಗಳು ಇತಿಹಾಸದಲ್ಲಿ ಉಳಿದವು. ಮೊದಲನೆಯದು ಕಾಕ್ರನ್‌ನದು. 1848ರ ಒಂದು ಆಟದಲ್ಲಿ ಬ್ಯಾನರ್ಜಿ, ರಷ್ಯದ ಪೆಟ್ರೋವ್ ಹೆಸರಿನ ಶಾಂತವಾದ ರಕ್ಷಣೆಯನ್ನು ಹೂಡಿದ. ಎರಡೂ ಕಡೆ ಸಮಸಮವಾಗಿ ಸಾಗುವ, ಜಗಳವಿಲ್ಲದ ಆರಂಭ ಇದು. ಕಾಕ್ರನ್ ನಾಲ್ಕನೆಯ ನಡೆಯಲ್ಲೇ ತನ್ನ ಕುದುರೆಯನ್ನು ಎದುರಾಳಿಯ ರಾಜನ ಪಕ್ಕದ ಕಾಲಾಳಿನ ಮೇಲೆ ಹಾರಿಸಿ ಬಲಿಕೊಟ್ಟ. ಕುದುರೆಗೆ ಬದಲಾಗಿ ಸಿಕ್ಕಿದ್ದು ಎರಡು ಕಾಲಾಳು ಮತ್ತು ಕೋಟೆ ಕಳೆದುಕೊಂಡು ಬಯಲಿಗೆ ಬಿದ್ದ ರಾಜ. 'ಕಾಕ್ರನ್ ಬಲಿ' ಎಂದೇ ಹೆಸರಾದ ಈ ಸಾಹಸವನ್ನು ಬಹುಕಾಲ ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಆದರೆ 151 ವರ್ಷಗಳ ನಂತರ, 1999ರಲ್ಲಿ, ಸ್ಪೇನಿನ ಲಿನಾರೆಸ್ ಪಂದ್ಯಾವಳಿಯಲ್ಲಿ ಬಲ್ಗೇರಿಯದ ವೆಸೆಲಿನ್ ಟೊಪಲೋವ್ ಅದನ್ನೇ ವ್ಲಾಡಿಮಿರ್ ಕ್ರಾಮ್ನಿಕ್ ಮೇಲೆ ಪ್ರಯೋಗಿಸಿದರು. ಆಟ ಡ್ರಾ ಆಯಿತು. ಹಳೆಯ ಕಡತದಲ್ಲಿ ಬಿದ್ದಿದ್ದ ನಡೆಯೂ, ಅದನ್ನು ಯಾರೂ ನಿರೀಕ್ಷಿಸದಿದ್ದಾಗ, ಹೊಸದೇ ಆಗುತ್ತದೆ.

ಎರಡನೆಯದು ಬ್ಯಾನರ್ಜಿಯದು. 1855ರ ಒಂದು ಆಟದಲ್ಲಿ ಕಾಕ್ರನ್ ಮಂತ್ರಿಯ ಬದಿಯ ಕಾಲಾಳುಗಳನ್ನು ನಡುವಿಗೆ ತಂದು ನಿಲ್ಲಿಸಲು ಹೊರಟಾಗ, ಬ್ಯಾನರ್ಜಿ ಮೊದಲು ಕುದುರೆಯನ್ನು ಹೊರತಂದ. ಆಮೇಲೆ ರಾಜನ ಬದಿಯಲ್ಲಿ ಒಂಟೆಗೆ ಜಾಗ ಮಾಡಿ, ಮೂರನೆಯ ನಡೆಯಲ್ಲಿ ನಡುವಣ ಕಾಲಾಳಿನಿಂದ ಎದುರಾಳಿಯ ಸಾಲಿಗೆ ಪೆಟ್ಟು ಕೊಟ್ಟ. ಆಟ ಬ್ಯಾನರ್ಜಿಗೆ ಸೋಲಾಯಿತು. ಸೋತ ಆಟದ ಆರಂಭವನ್ನು ಯಾರು ತಾನೆ ಗಮನಿಸುತ್ತಾರೆ? 1922ರಲ್ಲಿ ಆಸ್ಟ್ರಿಯದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಇವೇ ನಡೆಗಳನ್ನು ಆಡತೊಡಗಿ, ಅದೇ ವರ್ಷ ವಿಯೆನ್ನಾದಲ್ಲಿ ಮುಂದೆ ವಿಶ್ವ ಚಾಂಪಿಯನ್ ಆಗಲಿದ್ದ ಅಲೆಖಿನ್‌ನನ್ನೇ ಸೋಲಿಸಿದ. ಇಂದು ಅದರ ಹೆಸರು 'ಗ್ರುನ್‌ಫೆಲ್ಡ್ ರಕ್ಷಣೆ'. ಕಾಕ್ರನ್ನನ ಹೆಸರಿನಲ್ಲಿ ಒಂದು ಬಲಿ ಉಳಿಯಿತು, ಗ್ರುನ್‌ಫೆಲ್ಡ್‌ನ ಹೆಸರಿನಲ್ಲಿ ಒಂದು ರಕ್ಷಣೆ ಉಳಿಯಿತು. ಬ್ಯಾನರ್ಜಿಯ ಪಾಲಿಗೆ ಉಳಿದದ್ದು 'ಇಂಡಿಯನ್' ಎಂಬ ವಿಶೇಷಣ ಮಾತ್ರ. ಕಿಂಗ್ಸ್ ಇಂಡಿಯನ್, ಕ್ವೀನ್ಸ್ ಇಂಡಿಯನ್, ನಿಮ್ಜೊ ಇಂಡಿಯನ್ ಮುಂತಾಗಿ ಇಂದು ಜಗತ್ತು ಆಡುವ ಒಂದು ದೊಡ್ಡ ಬಳಗಕ್ಕೆ ಈ ವಿಶೇಷಣ ಅಂಟಿಕೊಂಡಿದೆ. ಅದರ ಹಿಂದೆ ಹೆಸರುಳ್ಳ ಒಬ್ಬ ಮನುಷ್ಯನಿದ್ದನೆಂಬುದು ಎಷ್ಟು ಆಟಗಾರರಿಗೆ ಗೊತ್ತು?

ಕಾಪಾಬ್ಲಾಂಕಾನ ಎರಡು ಸೋಲು

ಮಾರ್ಷಲ್‌ನ ಬಲೆಯಿಂದ ಪಾರಾದ ಕಾಪಾಬ್ಲಾಂಕಾ 1916ರಿಂದ 1924ರವರೆಗೆ, ಎಂಟು ವರ್ಷಗಳ ಕಾಲ, ಒಂದೇ ಒಂದು ಪಂದ್ಯ ಸೋಲಲಿಲ್ಲ. ಈ ಸರಪಣಿಯನ್ನು 1924ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಕಡಿದವನು ರಿಚರ್ಡ್ ರೇಟಿ. ಅವನು ತಂದ ಅಚ್ಚರಿ ಮಾರ್ಷಲ್‌ನದಕ್ಕಿಂತ ಬೇರೆ ಜಾತಿಯದು. ಅದರಲ್ಲಿ ಬಲಿಯಿಲ್ಲ, ಗದ್ದಲವಿಲ್ಲ. ಮೊದಲ ನಡೆಯಲ್ಲಿ ಕಾಲಾಳನ್ನೇ ಮುಟ್ಟದೆ ಕುದುರೆಯನ್ನು ಹೊರತಂದು, ಒಂಟೆಗಳನ್ನು ಎರಡೂ ಅಂಚುಗಳಲ್ಲಿ ಕೂರಿಸಿ, ನಡುವಣ ಮನೆಗಳ ಮೇಲೆ ದೂರದಿಂದ ಒತ್ತಡ ಹೇರಿದ. 'ನಡುವಣ ಮನೆಗಳನ್ನು ಕಾಲಾಳುಗಳಿಂದ ಆಕ್ರಮಿಸು' ಎಂಬುದು ಅಂದಿನ ಯೂರೋಪಿನ ಪಾಠ. 'ಅಲ್ಲಿ ನೀನೇ ಇರಬೇಕಿಲ್ಲ, ಅದು ನಿನ್ನ ಹತೋಟಿಯಲ್ಲಿದ್ದರೆ ಸಾಕು' ಎಂಬುದು ರೇಟಿ, ನಿಮ್ಜೊವಿಚ್ ಮೊದಲಾದವರ ಹೊಸ ಪಾಠ. ಕಲ್ಕತ್ತೆಯ ಆಟಗಳನ್ನು ನೋಡಿದವರಿಗೆ ಇದು ಅಷ್ಟೇನೂ ಹೊಸದೆನಿಸದು.

ಎರಡನೆಯ ಪ್ರಸಂಗ ಇನ್ನೂ ಸ್ವಾರಸ್ಯಕರ. 1929ರಲ್ಲಿ ಪಂಜಾಬಿನ ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಲಂಡನ್ನಿಗೆ ಹೋಗುವಾಗ ತನ್ನ ಪರಿವಾರದ ಮೀರ್ ಸುಲ್ತಾನ್ ಖಾನ್ ಎಂಬ ತರುಣನನ್ನು ಕರೆದೊಯ್ದ. ಈತನೂ ದೇಶೀ ಪದ್ಧತಿಯ ಚದುರಂಗದಲ್ಲಿ ಬೆಳೆದವನೇ. ಯೂರೋಪಿನ ನಿಯಮಗಳನ್ನು ಕಲಿತದ್ದು ತಡವಾಗಿ. ಆರಂಭ ನಡೆಗಳ ಪುಸ್ತಕಗಳ ಪರಿಚಯ ಇಲ್ಲವೆನ್ನುವಷ್ಟು ಕಡಿಮೆ. ಆದರೂ ಬಂದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದ. 1932 ಮತ್ತು 1933ರಲ್ಲೂ ಆ ಪಟ್ಟ ಅವನದೇ ಆಯಿತು. 1930ರ ಕೊನೆಯಲ್ಲಿ ಆರಂಭವಾದ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಅವನ ಎದುರು ಕುಳಿತವನು ಕಾಪಾಬ್ಲಾಂಕಾ.

ಕಾಪಾಬ್ಲಾಂಕಾ ಕಪ್ಪು ಕಾಯಿಗಳಿಂದ ಆಡಿದ್ದು ಕ್ವೀನ್ಸ್ ಇಂಡಿಯನ್ ರಕ್ಷಣೆ. ಹೆಸರಿಗೆ ಭಾರತದ್ದು, ಆಡುತ್ತಿರುವವನು ಕ್ಯೂಬಾದವನು, ಎದುರಿಗಿರುವವನು ನಿಜವಾದ ಭಾರತೀಯ. ಐದನೆಯ ನಡೆಯಲ್ಲಿ ಸುಲ್ತಾನ್ ಖಾನ್ ಮಂತ್ರಿಯ ಬದಿಯ ತುತ್ತತುದಿಯ ಕಾಲಾಳನ್ನು ಒಂದೇ ಒಂದು ಮನೆ ಸರಿಸಿದ. ಪುಸ್ತಕ ಓದಿದವರ ಕಣ್ಣಿಗೆ ಅದು ವ್ಯರ್ಥ ನಡೆಯಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ದೀರ್ಘ ಹೋರಾಟದ ಕೊನೆಗೆ ಕಾಪಾಬ್ಲಾಂಕಾ ಸೋತ. ಆ ಪುಟ್ಟ ನಡೆಯೇ ಮುಂದೆ ಟಿಗ್ರಾನ್ ಪೆಟ್ರೋಸಿಯನ್ ಮತ್ತು ಗ್ಯಾರಿ ಕಾಸ್ಪರೋವ್ ಅವರ ಕೈಯಲ್ಲಿ ಪಳಗಿ, ಅವರ ಹೆಸರಿನ ಮುಖ್ಯ ಪದ್ಧತಿಯಾಯಿತು. ಇಲ್ಲೂ ಹೆಸರು ಬೇರೆಯವರದಾಯಿತು. ಸುಲ್ತಾನ್ ಖಾನ್ ಐದು ವರ್ಷ ತುಂಬುವ ಮೊದಲೇ ಯಜಮಾನನೊಡನೆ ಊರಿಗೆ ಮರಳಿದ. 1966ರಲ್ಲಿ ಪಾಕಿಸ್ತಾನದಲ್ಲಿ ತೀರಿಕೊಂಡ. ಅಂತರರಾಷ್ಟ್ರೀಯ ಚದುರಂಗ ಒಕ್ಕೂಟ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ, ಸತ್ತು ಐವತ್ತೆಂಟು ವರ್ಷಗಳಾದ ಮೇಲೆ.

ಹೊಸ ನಡೆಯೇ ಬೇಕೆಂದಿಲ್ಲ

ಎದುರಾಳಿಯನ್ನು ಬೆರಗುಗೊಳಿಸಲು ಹೊಸ ನಡೆಯನ್ನು ಕಂಡುಹಿಡಿಯಲೇಬೇಕೆಂದಿಲ್ಲ. 1972ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಬಾಬಿ ಫಿಷರ್ ಬಿಳಿ ಕಾಯಿ ಹಿಡಿದರೆ ರಾಜನ ಮುಂದಿನ ಕಾಲಾಳನ್ನೇ ನಡೆಸುವವರೆಂದು ಲೋಕಕ್ಕೆಲ್ಲ ಗೊತ್ತಿತ್ತು. ಸೋವಿಯತ್ ಒಕ್ಕೂಟದ ಬೋರಿಸ್ ಸ್ಪಾಸ್ಕಿ ಮತ್ತು ಅವರ ಸಹಾಯಕರ ಸಿದ್ಧತೆಯೂ ಅದಕ್ಕೆ ತಕ್ಕಂತೆಯೇ ಇತ್ತು. ಆರನೆಯ ಆಟದಲ್ಲಿ ಫಿಷರ್ ಮಂತ್ರಿಯ ಬದಿಯ ಕಾಲಾಳನ್ನು ಎತ್ತಿ ಮುಂದಿಟ್ಟರು. ಕೆಲವೇ ನಡೆಗಳಲ್ಲಿ ಆಟ ಸ್ಪಾಸ್ಕಿಗೆ ಅತ್ಯಂತ ಪ್ರಿಯವಾದ, ಅವರು ಬಹುವಾಗಿ ನೆಚ್ಚಿದ್ದ ಪದ್ಧತಿಗೇ ಬಂದು ನಿಂತಿತು. ಸ್ಪಾಸ್ಕಿಯನ್ನು ಅವರ ಸ್ವಂತ ಮನೆಯಲ್ಲೇ ಫಿಷರ್ ಸೋಲಿಸಿದರು. ಆಟ ಮುಗಿದಾಗ ಪ್ರೇಕ್ಷಕರೊಡನೆ ಸ್ಪಾಸ್ಕಿಯೂ ಚಪ್ಪಾಳೆ ತಟ್ಟಿದ್ದು ಆ ಆಟದ ಮೌಲ್ಯಕ್ಕೆ ಸಾಕ್ಷಿ. ಇಲ್ಲಿ ನಡೆಗಳು ಹಳೆಯವು, ಆಡಿದ ಕೈ ಹೊಸದು.

ಆದರೆ ಇಂಥ ಗೆಲುವಿನ ಆಯುಷ್ಯ ಎಷ್ಟು? ಮರುವರ್ಷವೇ, 1973ರಲ್ಲಿ, ಹಾಲೆಂಡಿನ ಯಾನ್ ಟಿಮ್ಮನ್ ಅದೇ ದಾರಿಯಲ್ಲಿ ಫಿಷರ್ ಅವರ ಹೆಜ್ಜೆಗಳನ್ನು ಅನುಸರಿಸಿದರು. ಎದುರಿಗಿದ್ದವರು ಸ್ಪಾಸ್ಕಿಯ ಸಹಾಯಕರಾಗಿದ್ದ ಎಫಿಮ್ ಗೆಲ್ಲರ್. ಅವರು ಹದಿನಾಲ್ಕನೆಯ ನಡೆಯಲ್ಲಿ ಮಂತ್ರಿಯನ್ನು ಬೇರೊಂದು ಮನೆಗೆ ಸರಿಸಿ ಆಟವನ್ನೇ ತಿರುಗಿಸಿ ಗೆದ್ದರು.

1980ರಲ್ಲಿ ಸ್ವೀಡನ್ನಿನ ಸ್ಕಾರಾದಲ್ಲಿ ನಡೆದದ್ದು ಇನ್ನೊಂದು ಬಗೆ. ಇಂಗ್ಲೆಂಡಿನ ಟೋನಿ ಮೈಲ್ಸ್, ಅಂದಿನ ವಿಶ್ವ ಚಾಂಪಿಯನ್ ಅನತೋಲಿ ಕಾರ್ಪೋವ್ ಅವರ ಮೊದಲ ನಡೆಗೆ ಉತ್ತರವಾಗಿ ತುದಿಯ ಕಾಲಾಳನ್ನು ಒಂದು ಮನೆ ಸರಿಸಿದರು. ಆಟ ಕಲಿಯಲು ಬಂದ ಹುಡುಗ ಹಾಗೆ ಆಡಿದರೆ ಗುರುಗಳು ಕಿವಿ ಹಿಂಡುತ್ತಾರೆ. ನೋಡುತ್ತಿದ್ದವರು ನಕ್ಕರಂತೆ. ಕೊನೆಗೆ ಗೆದ್ದವರು ಮೈಲ್ಸ್. ಆ ನಡೆ ಶ್ರೇಷ್ಠವೆಂದು ಅಂದೂ ಯಾರೂ ಹೇಳಲಿಲ್ಲ, ಇಂದೂ ಹೇಳುವುದಿಲ್ಲ. ಅದು ಕಾರ್ಪೋವ್ ಅವರ ವಿದ್ವತ್ತಿನ ಭಂಡಾರವನ್ನು ಒಂದು ದಿನದ ಮಟ್ಟಿಗೆ ನಿರುಪಯೋಗಿ ಮಾಡಿತು, ಅಷ್ಟೆ.

ಪೆಟ್ಟು ತಿಂದು ಕಲಿತ ಆನಂದ್

ಇಂಥ ಅಚ್ಚರಿಯ ನೋವು, ನಲಿವು ಎರಡನ್ನೂ ಕಂಡವರು ನಮ್ಮ ವಿಶ್ವನಾಥನ್ ಆನಂದ್. 1995ರಲ್ಲಿ ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ 107ನೆಯ ಮಹಡಿಯಲ್ಲಿ ಅವರು ಕಾಸ್ಪರೋವ್ ಅವರನ್ನು ಎದುರಿಸಿದರು. ಮೊದಲ ಎಂಟು ಆಟ ಡ್ರಾ. ಒಂಬತ್ತನೆಯದನ್ನು ಆನಂದ್ ಗೆದ್ದಾಗ ಇಡೀ ದೇಶ ಸಂಭ್ರಮಿಸಿತು. ಹತ್ತನೆಯ ಆಟದಲ್ಲಿ ಆನಂದ್, ಆರನೆಯ ಆಟದಲ್ಲಿ ತಮಗೆ ಅನುಕೂಲವಾಗಿದ್ದ ಸ್ಪ್ಯಾನಿಷ್ ಆರಂಭದ ಒಂದು ಕವಲನ್ನೇ ಮತ್ತೆ ಹಿಡಿದರು. 1978ರಲ್ಲಿ ಕಾರ್ಪೋವ್ ಅವರು ಕೊರ್ಚ್ನಾಯ್ ವಿರುದ್ಧ ಮೊದಲು ತೋರಿಸಿದ್ದ ದಾರಿ ಅದು. ಎಲ್ಲರಿಗೂ ತಿಳಿದದ್ದೇ. ಹದಿನಾಲ್ಕನೆಯ ನಡೆಯಲ್ಲಿ ಕಾಸ್ಪರೋವ್ ಒಂಟೆಯನ್ನು ಹಿಂದೆಳೆದು, ಮೂಲೆಯ ಆನೆಯನ್ನೇ ಬಿಟ್ಟುಕೊಟ್ಟರು. ಅವರ ಪಾಲಿಗೆ ಎಲ್ಲವೂ ಮನೆಯಲ್ಲಿ ಸಿದ್ಧವಾದ ಅಡುಗೆ, ಬಡಿಸುವುದಷ್ಟೇ ಉಳಿದಿತ್ತು. ಆನಂದ್ ಗಡಿಯಾರದ ಎದುರು ಒಂಟಿಯಾಗಿ ಎಲ್ಲವನ್ನೂ ಹೊಸದಾಗಿ ಲೆಕ್ಕಹಾಕಬೇಕಾಯಿತು.

ಅಚ್ಚರಿಯ ಮರ್ಮ ಇರುವುದೇ ಈ ಗಡಿಯಾರದಲ್ಲಿ. ಸಿದ್ಧತೆ ಮಾಡಿದವನು ನಿಮಿಷಗಳಲ್ಲಿ ಇಪ್ಪತ್ತು ನಡೆ ಮುಗಿಸುತ್ತಾನೆ. ಎದುರಾಳಿ ಅಷ್ಟಕ್ಕೇ ತನ್ನ ಪಾಲಿನ ಹೊತ್ತನ್ನೆಲ್ಲ ಸುರಿಯುತ್ತಾನೆ. ತಪ್ಪು ಆಗಲೇ ಆಗದಿದ್ದರೂ, ಅದರ ಬೀಜ ಬಿದ್ದಾಗಿರುತ್ತದೆ. ಹತ್ತನೆಯ ಆಟ ಸೋತ ಆನಂದ್‌ಗೆ ಹನ್ನೊಂದನೆಯದರಲ್ಲಿ ಮತ್ತೊಂದು ಆಘಾತ ಕಾದಿತ್ತು. ಕಾಸ್ಪರೋವ್ 'ಡ್ರ್ಯಾಗನ್' ಎಂಬ ಪದ್ಧತಿಯನ್ನು ಹೊರತೆಗೆದರು. ಅವರಿಂದ ಅದನ್ನು ಯಾರೂ ನಿರೀಕ್ಷಿಸಿರಲಿಲ್ಲ. ಸರಣಿ ಹತ್ತೂವರೆ, ಏಳೂವರೆ ಅಂಕಗಳಿಂದ ಕಾಸ್ಪರೋವ್ ಪಾಲಾಯಿತು.

ಅದೇ ಕಾಸ್ಪರೋವ್ ಅವರನ್ನು 2000ದಲ್ಲಿ ಲಂಡನ್ನಿನಲ್ಲಿ ಕೆಡವಿದ್ದು ಕ್ರಾಮ್ನಿಕ್. ಹತ್ತೊಂಬತ್ತನೆಯ ಶತಮಾನದ, ಬಹುತೇಕ ಮೂಲೆಗೆ ಬಿದ್ದಿದ್ದ 'ಬರ್ಲಿನ್ ರಕ್ಷಣೆ'ಯನ್ನು ಅವರು ಧೂಳು ಕೊಡವಿ ತಂದರು. ಮಂತ್ರಿಗಳು ಬೇಗನೆ ಹಾಸಿನಿಂದ ಇಳಿದುಹೋಗುವ ಈ ಪದ್ಧತಿಯ ಎದುರು ಕಾಸ್ಪರೋವ್ ಅವರ ಬಿರುಗಾಳಿಯಂಥ ಆಟಕ್ಕೆ ಅವಕಾಶವೇ ಸಿಗಲಿಲ್ಲ. ಹದಿನೈದು ಆಟಗಳಲ್ಲಿ ಒಂದನ್ನೂ ಗೆಲ್ಲಲಾಗದೆ ಅವರು ಪಟ್ಟ ಕಳೆದುಕೊಂಡರು.

2008ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್ ಅವರನ್ನು ಎದುರಿಸುವಾಗ ಆನಂದ್ ಈ ಎಲ್ಲ ಪಾಠಗಳನ್ನೂ ಅರಗಿಸಿಕೊಂಡಿದ್ದರು. ಬಹುಕಾಲದಿಂದ ರಾಜನ ಕಾಲಾಳನ್ನೇ ನಂಬಿದ್ದ ಅವರು ಬಿಳಿಯಲ್ಲಿ ಮಂತ್ರಿಯ ಕಾಲಾಳಿಗೆ ಬದಲಾಯಿಸಿದರು. ಕಪ್ಪಿನಲ್ಲಿ 'ಮೆರಾನ್' ಪದ್ಧತಿಯ ಒಂದು ಉಗ್ರ ಕವಲನ್ನು ಹೂಡಿ ಮೂರನೆಯ ಆಟ ಗೆದ್ದರು. ಐದನೆಯ ಆಟದಲ್ಲಿ ಅದೇ ಕವಲು ಮತ್ತೆ ಬಂತು, ಆನಂದ್ ಮತ್ತೆ ಗೆದ್ದರು. ಎರಡನೆಯ ಗೆಲುವು ಮುಖ್ಯವಾದುದು. ಅಚ್ಚರಿ ಒಂದು ಬಾರಿಗೆ ಮುಗಿದಿತ್ತು. ಎರಡನೆಯ ಬಾರಿ ಗೆದ್ದದ್ದು ಆ ಸ್ಥಿತಿಯ ಬಗ್ಗೆ ಅವರಿಗಿದ್ದ ಆಳವಾದ ತಿಳಿವು. ಅವರ ಸಿದ್ಧತೆಗೆ ನೆರವಾದ ತಂಡದಲ್ಲಿ ಕೋಲ್ಕತ್ತದ ಸೂರ್ಯಶೇಖರ ಗಂಗೂಲಿ ಇದ್ದರು. ಬ್ಯಾನರ್ಜಿ ಆಡಿದ ನಗರದ ಮತ್ತೊಬ್ಬ ಬಂಗಾಳಿ ಆರಂಭ ನಡೆಗಳ ಇತಿಹಾಸದಲ್ಲಿ ಹೀಗೆ ಪಾಲುಗೊಂಡರು. ಈ ಬಾರಿ ಹೆಸರು ದಾಖಲಾಯಿತು.

ಯಂತ್ರ ಬಂದ ಮೇಲೆ

ಇಂದು ಕಂಪ್ಯೂಟರು ಪ್ರತಿಯೊಬ್ಬ ಆಟಗಾರನ ಮೇಜಿನ ಮೇಲಿದೆ. ಮಾರ್ಷಲ್ ತಿಂಗಳುಗಟ್ಟಲೆ ಕೂತು ಯೋಚಿಸಿದ್ದನ್ನು ಯಂತ್ರ ಕ್ಷಣದಲ್ಲಿ ತೂಗಿ ಹೇಳುತ್ತದೆ. ನಿನ್ನೆ ಯಾರೋ ಆಡಿದ ಹೊಸ ನಡೆ ಇಂದು ಬೆಳಿಗ್ಗೆ ಎಲ್ಲರ ಕಡತದಲ್ಲಿರುತ್ತದೆ. ಈ ಬಾಯಿಪಾಠದ ಹೊರೆ ಆಟವನ್ನೇ ಕೊಲ್ಲುತ್ತಿದೆಯೆಂದು ಬೇಸತ್ತ ಫಿಷರ್ 1996ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹೊಸ ಚದುರಂಗವನ್ನೇ ಪ್ರಕಟಿಸಿದರು. ಹಿಂದಿನ ಸಾಲಿನ ಕಾಯಿಗಳ ಜಾಗವನ್ನು ಚೀಟಿ ಎತ್ತಿ ನಿರ್ಧರಿಸುವ ಆ ಆಟದಲ್ಲಿ 960 ಬಗೆಯ ಆರಂಭ ಸ್ಥಿತಿಗಳು ಸಾಧ್ಯ. ಅಷ್ಟನ್ನೂ ಬಾಯಿಪಾಠ ಮಾಡುವವರು ಯಾರು? ಆರಂಭ ನಡೆಗಳನ್ನು ಅರೆದು ಕುಡಿದಿದ್ದ ಮನುಷ್ಯನೇ ಕೊನೆಗೆ ಅವನ್ನು ಅಳಿಸಿಹಾಕಲು ಹೊರಟದ್ದು ವಿಚಿತ್ರವೆನಿಸಿದರೂ ಸಹಜ.

2017ರಲ್ಲಿ 'ಆಲ್ಫಾಜೀರೊ' ಎಂಬ ಯಂತ್ರ ಇನ್ನೊಂದು ಕುತೂಹಲದ ಸಂಗತಿಯನ್ನು ತೋರಿಸಿತು. ಅದಕ್ಕೆ ಯಾವ ಪುಸ್ತಕವನ್ನೂ ಕೊಟ್ಟಿರಲಿಲ್ಲ, ನಿಯಮಗಳನ್ನಷ್ಟೇ ಕಲಿಸಲಾಗಿತ್ತು. ತನ್ನೊಡನೆ ತಾನೇ ಆಡುತ್ತ ಹೋದ ಅದು, ಮನುಷ್ಯರು ಶತಮಾನಗಳಲ್ಲಿ ಕಂಡುಕೊಂಡಿದ್ದ ಹಲವು ಆರಂಭಗಳನ್ನು ತಾನಾಗಿಯೇ ಕಂಡುಕೊಂಡಿತು. ಅಂದರೆ ಒಳ್ಳೆಯ ಆರಂಭ ನಡೆಗಳು ಬರಿಯ ಸಂಪ್ರದಾಯವಲ್ಲ, ಅವುಗಳ ಹಿಂದೆ ಕಾರಣವಿದೆ.

ಹಾಗಾದರೆ ಅಚ್ಚರಿಯ ಕಾಲ ಮುಗಿಯಿತೇ? ಇಲ್ಲ. 2024ರ ನವೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಮೊದಲ ಆಟದಲ್ಲೇ, ಆ ಮಟ್ಟದಲ್ಲಿ ಅಪರೂಪವಾದ 'ಫ್ರೆಂಚ್ ರಕ್ಷಣೆ'ಯನ್ನು ಹೂಡಿ, ನಮ್ಮ ಡಿ. ಗುಕೇಶ್ ಅವರನ್ನು ಸೋಲಿಸಿದರು. ಹದಿನೆಂಟು ವರ್ಷದ ಗುಕೇಶ್ ಕುಸಿಯಲಿಲ್ಲ. ಹದಿನಾಲ್ಕನೆಯ ಆಟದವರೆಗೂ ಹೋರಾಡಿ ಡಿಸೆಂಬರ್ 12ರಂದು ವಿಶ್ವ ಚಾಂಪಿಯನ್ ಆದರು. ಆ ಕೊನೆಯ ಆಟ ತೀರ್ಮಾನವಾದದ್ದು ಆರಂಭದಲ್ಲಿ ಅಲ್ಲ, ಬೆರಳೆಣಿಕೆಯಷ್ಟು ಕಾಯಿಗಳು ಉಳಿದಿದ್ದ ಅಂತ್ಯದಲ್ಲಿ.

ಚದುರಂಗ ಕಲಿಯುವ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಈ ಇತಿಹಾಸ ಹೇಳುವ ಮಾತು ಸರಳವಾಗಿದೆ. ಬಿಳಿಗೆ ಒಂದು, ಕಪ್ಪಿಗೆ ಎರಡು ಆರಂಭಗಳನ್ನು ಆರಿಸಿಕೊಂಡರೆ ಸಾಕು. ಪ್ರತಿ ನಡೆಯನ್ನೂ ಏಕೆ ಆಡುತ್ತಾರೆಂದು ಕೇಳಿಕೊಳ್ಳಬೇಕು. ಈ ಕುದುರೆ ಇಲ್ಲಿಗೇ ಏಕೆ, ಈ ಕಾಲಾಳು ಕೊನೆಗೆ ಎಲ್ಲಿಗೆ ಹೋಗಬೇಕು, ಮಂತ್ರಿಗಳು ಹೊರಟುಹೋದರೆ ಯಾರಿಗೆ ಲಾಭ? ಆರಂಭವನ್ನಷ್ಟೇ ನೋಡದೆ, ಹಾಗೆ ಆರಂಭವಾದ ಹಳೆಯ ಆಟಗಳನ್ನು ಕೊನೆಯವರೆಗೂ ಆಡಿ ನೋಡಬೇಕು. ಆಗ ಎದುರಾಳಿ ದಾರಿ ತಪ್ಪಿಸಿದರೂ ದಿಕ್ಕು ತಪ್ಪುವುದಿಲ್ಲ. ಬೆರಗುಗೊಳಿಸುವ ನಡೆಗಳೂ ಅಂಥ ಓದಿನಿಂದಲೇ ಹುಟ್ಟುತ್ತವೆ.

1918ರ ಆ ಆಟಕ್ಕೆ ಮರಳುವುದಾದರೆ, ಮಾರ್ಷಲ್‌ನ ಗುಟ್ಟು ಇಂದು ಗುಟ್ಟಾಗಿ ಉಳಿದಿಲ್ಲ. ಅದರ ಕವಲುಗಳನ್ನು ಇಪ್ಪತ್ತು ಮೂವತ್ತು ನಡೆಗಳವರೆಗೆ ಬಗೆದು ನೋಡಿದ್ದಾರೆ. ಅದು ಗಟ್ಟಿಯಾದ ಪದ್ಧತಿಯೆಂದು ಎಲ್ಲರೂ ಒಪ್ಪಿದ್ದಾರೆ. 1993ರಲ್ಲಿ ವಿಶ್ವ ಚಾಂಪಿಯನ್ ಕಾಸ್ಪರೋವ್ ಕೂಡ ನೈಜೆಲ್ ಶಾರ್ಟ್ ಎದುರಿನ ಮೊದಲ ಆಟದಲ್ಲಿ ಆ ದಾಳಿಗೆ ಎಡೆಕೊಡದೆ, ಎಂಟನೆಯ ನಡೆಯಲ್ಲೇ ಪಕ್ಕದ ದಾರಿ ಹಿಡಿದರು. ಒಂದು ಮಧ್ಯಾಹ್ನದ ಬೆರಗಿಗಾಗಿ ಸಿದ್ಧವಾದ ನಡೆ ಅಂದು ಸೋತಿತು, ನೂರು ವರ್ಷಗಳಿಂದ ಎಲ್ಲರಿಗೂ ಪಾಠವಾಗಿ ಉಳಿದಿದೆ. ಕಲ್ಕತ್ತೆಯಲ್ಲಿ ಸೋತ ಬ್ಯಾನರ್ಜಿಯ ನಡೆಗಳೂ ಹಾಗೆಯೇ ಉಳಿದಿವೆ. ಮಾರ್ಷಲ್‌ಗೆ ಸಿಕ್ಕ ಹೆಸರು ಅವನಿಗೆ ಸಿಗಲಿಲ್ಲ. ಮುಂದಿನ ಬಾರಿ ಪತ್ರಿಕೆಯ ಕ್ರೀಡಾ ಪುಟದಲ್ಲಿ 'ಗ್ರುನ್‌ಫೆಲ್ಡ್ ರಕ್ಷಣೆ' ಎಂಬ ಮಾತು ಕಂಡಾಗ ಅವನನ್ನೂ ಒಮ್ಮೆ ನೆನೆಯಬಹುದು.